ನಕ್ಷೆಯಲ್ಲಿ ಕೆಂಪಾಗಿ ಕಂಡದ್ದೆಲ್ಲ ಅದಿರಲ್ಲ

ತೆಂಗಿನ ತೋಟದ ಸಾಲುಗಳ ನಡುವೆ ಒಬ್ಬರು ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿದು ನಡೆಯುತ್ತಾರೆ. ಅಷ್ಟಷ್ಟು ದೂರಕ್ಕೊಮ್ಮೆ ನಿಂತು, ಎದೆಗೆ ಕಟ್ಟಿಕೊಂಡ ಪೆಟ್ಟಿಗೆಯ ಗುಂಡಿ ಒತ್ತಿ, ಮತ್ತೆ ಹೆಜ್ಜೆ ಹಾಕುತ್ತಾರೆ. ಹಿಂದೆ ಇನ್ನೊಬ್ಬರು ಟೇಪು ಎಳೆದುಕೊಂಡು ಬರುತ್ತಾರೆ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಈ ಅಂಕಣಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆ ಇವರ ಬಗ್ಗೆಯೇ. ಆ ಯಂತ್ರಕ್ಕೆ ನೆಲದೊಳಗೆ ಏನು ಕಾಣುತ್ತದೆ? ಚಿನ್ನವೇ, ನೀರೇ, ಕಬ್ಬಿಣವೇ? ಇತ್ತೀಚೆಗೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಯಾರದೋ ಮೊಬೈಲಿನಲ್ಲಿ ಬಣ್ಣಬಣ್ಣದ ನಕ್ಷೆ ನೋಡಿದವರು, ಕೆಂಪಗಿರುವ ಕಡೆ ಅದಿರು, ನೀಲಿ ಇರುವ ಕಡೆ ಬರೀ ಕಲ್ಲು ಎನ್ನುತ್ತಾರಲ್ಲ, ಹೌದೇ ಎಂದು ಕೇಳುತ್ತಾರೆ. ಹೌದು ಎನ್ನುವಂತಿಲ್ಲ. ಹಾಸನದ ಮಟ್ಟಿಗಂತೂ ಈ ನಂಬಿಕೆ ಎಷ್ಟೋ ಸಲ ಪೂರ್ತಿ ತಿರುವುಮುರುವು. ಅದಕ್ಕೆ ಕಾರಣ ಹಾಸನ ಭೂಮಿಯ ಮೇಲೆ ಇರುವ ಜಾಗ.

ಹಾಸನದಿಂದ ಅರಸೀಕೆರೆ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಕೊರವಂಗಲ ಸಿಗುತ್ತದೆ. ಎರಡನೇ ವೀರಬಲ್ಲಾಳನ ಪಟ್ಟಾಭಿಷೇಕದ ವರ್ಷವಾದ 1173ರಲ್ಲಿ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ದೇವಾಲಯ ಇರುವುದು ಇಲ್ಲೇ. ಹೊಯ್ಸಳರ ಉಳಿದ ಗುಡಿಗಳಂತೆ ಇದೂ ಬಳಪದ ಕಲ್ಲಿನದು. ಟಾಲ್ಕ್, ಕ್ಲೋರೈಟ್ ತುಂಬಿದ ಮೆದು ಕಲ್ಲಾದ್ದರಿಂದ ಉಳಿಗೆ ಸುಲಭವಾಗಿ ಬಗ್ಗಿತು. ಶಿಲ್ಪಿಗೆ ಒದಗಿಬಂದ ಈ ಜಾತಿಯ ಕಲ್ಲು ಹುಟ್ಟುವ ರೀತಿಗೂ ಅದಿರು ಹುಡುಕುವವರ ಯಂತ್ರದಲ್ಲಿ ಮೂಡುವ ಅಂಕಿಗೂ ಹತ್ತಿರದ ನಂಟಿದೆ. ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಾಗಿರುವ, ಭೂಮಿಯ ಆಳದಿಂದ ಬಂದ ಕಡುಗಪ್ಪು ಶಿಲೆ ನೀರಿನೊಡನೆ, ಇಂಗಾಲದ ಡೈಆಕ್ಸೈಡಿನೊಡನೆ ಕೋಟ್ಯಂತರ ವರ್ಷ ಬೆರೆತು ಬದಲಾಗುತ್ತ ಹೋದಾಗ ಸಿಗುವ ರೂಪಗಳಲ್ಲಿ ಬಳಪದ ಕಲ್ಲೂ ಒಂದು. ಹಾಸನ ಜಿಲ್ಲೆಯಲ್ಲಿ ಅಂಥ ಕಡುಗಪ್ಪು ಶಿಲೆಗಳ ಎರಡು ಪಟ್ಟಿಗಳಿವೆ. ಪೂರ್ವದಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹಾದು ಅರಸೀಕೆರೆಯತ್ತ ಹೋಗುವುದು ನುಗ್ಗೇಹಳ್ಳಿ ಪಟ್ಟಿ. ದಕ್ಷಿಣದಲ್ಲಿ ಹೇಮಾವತಿಯ ಆಚೀಚೆ ಇರುವುದು ಹೊಳೆನರಸೀಪುರ ಪಟ್ಟಿ.

ಎರಡೂ ಬಹಳ ಹಳೆಯವು. ನುಗ್ಗೇಹಳ್ಳಿ ಪಟ್ಟಿಯ ಶಿಲೆಗಳ ವಯಸ್ಸು ಸುಮಾರು 310 ಕೋಟಿ ವರ್ಷ. ಗೊರೂರಿನ ಸುತ್ತಲ ನೈಸ್ ಶಿಲೆ ಅದಕ್ಕೂ ಹಿರಿದು, ಸುಮಾರು 330 ಕೋಟಿ ವರ್ಷ. ಕರ್ನಾಟಕದ ಅತ್ಯಂತ ಹಳೆಯ ಕಲ್ಲುಗಳ ಸಾಲಿಗೆ ಅದು ಸೇರುತ್ತದೆ. ಹೊಳೆನರಸೀಪುರದ ಕಡೆ ಕಯನೈಟ್ ಎಂಬ ಖನಿಜ ಸಿಕ್ಕಿದೆ. ನುಗ್ಗೇಹಳ್ಳಿ ಪಟ್ಟಿಯಲ್ಲಿ ಬೈರಾಪುರ, ತಗಡೂರು, ಜಂಬೂರುಗಳ ಕ್ರೋಮೈಟ್ ಗಣಿಗಳು ಹೆಸರುವಾಸಿ. ಉಕ್ಕಿಗೆ ತುಕ್ಕು ಹಿಡಿಯದಂತೆ ಮಾಡುವ ಕ್ರೋಮಿಯಂ ಬರುವುದು ಈ ಅದಿರಿನಿಂದಲೇ. ರಾಜ್ಯ ಸರ್ಕಾರದ ಮೈಸೂರು ಮಿನರಲ್ಸ್ ಸಂಸ್ಥೆ ಬೈರಾಪುರದಲ್ಲಿ ನೆಲದಡಿ ಸುರಂಗ ತೋಡಿ ಅದಿರು ತೆಗೆದಿದೆ. ಕೆಂಪಿನಕೋಟೆಯಲ್ಲಿ ಪುರಾತನರು ಚಿನ್ನಕ್ಕಾಗಿ ಅಗೆದ ಗುಂಡಿಗಳಿವೆ. ಟೈಟೇನಿಯಂ, ವನೇಡಿಯಂ ಬೆರೆತ ಮ್ಯಾಗ್ನೆಟೈಟ್ ಪದರಗಳೂ ಇದೇ ಪಟ್ಟಿಯಲ್ಲಿವೆ. 1246ರ ಲಕ್ಷ್ಮೀನರಸಿಂಹ ದೇವಾಲಯ ನೋಡಲು ನುಗ್ಗೇಹಳ್ಳಿಗೆ ಹೋಗುವವರು ತಾವು ನಿಂತಿರುವ ಸೀಮೆಯ ಕೆಳಗೆ ಇಷ್ಟೆಲ್ಲ ಇದೆಯೆಂದು ತಿಳಿಯಬೇಕು. ಶಾಲೆಯ ಪ್ರವಾಸಗಳಲ್ಲಿ ಗುಡಿಯ ಶಿಲ್ಪಗಳ ಜೊತೆಗೆ ಇದನ್ನೂ ಹೇಳಿಕೊಟ್ಟರೆ ಎಷ್ಟು ಚೆನ್ನ.

ಈಗ ಯಂತ್ರದ ವಿಷಯ. ಮ್ಯಾಗ್ನೆಟೋಮೀಟರ್ ಎಂಬ ಈ ಉಪಕರಣ ಅಳೆಯುವುದು ಒಂದನ್ನೇ: ನಿಂತ ಜಾಗದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ. ಹಾಸನದ ಸುತ್ತ ಅದು ಸುಮಾರು 41,000 ನ್ಯಾನೋಟೆಸ್ಲಾ. ಬಹಳ ಕಾಲದಿಂದ ಬಳಕೆಯಲ್ಲಿರುವ ಪ್ರೋಟಾನ್ ಮಾದರಿಯ ಉಪಕರಣದಲ್ಲಿ ಕೋಲಿನ ತುದಿಗೆ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಸೀಮೆಎಣ್ಣೆಯಂಥ, ಹೈಡ್ರೋಜನ್ ಹೆಚ್ಚಾಗಿರುವ ದ್ರವ. ಸುತ್ತ ತಂತಿಯ ಸುರುಳಿ. ಸುರುಳಿಗೆ ಕರೆಂಟು ಹರಿಸಿದಾಗ ಹೈಡ್ರೋಜನ್ನಿನ ಪ್ರೋಟಾನ್‌ಗಳು ಒಂದು ದಿಕ್ಕಿಗೆ ಮುಖ ಮಾಡುತ್ತವೆ. ಕರೆಂಟು ನಿಲ್ಲಿಸಿದ ಕೂಡಲೇ ಅವು ಭೂಮಿಯ ಕ್ಷೇತ್ರದ ಸುತ್ತ ಓಲಾಡತೊಡಗುತ್ತವೆ. ಆ ಓಲಾಟದ ವೇಗ ಕ್ಷೇತ್ರದ ಬಲಕ್ಕೆ ತಕ್ಕಂತೆ ಇರುತ್ತದೆ. 41,000 ನ್ಯಾನೋಟೆಸ್ಲಾ ಇದ್ದಲ್ಲಿ ಸೆಕೆಂಡಿಗೆ ಸುಮಾರು 1,746 ಸಲ. ಉಪಕರಣ ಅದನ್ನು ಎಣಿಸಿ ಅಂಕಿ ತೋರಿಸುತ್ತದೆ. ಚಿನ್ನ, ನೀರು, ಕ್ರೋಮೈಟ್ ಎಂದು ಹೆಸರು ಹಿಡಿದು ಹೇಳುವ ಶಕ್ತಿ ಅದಕ್ಕಿಲ್ಲ. ಚಿನ್ನಕ್ಕೂ ನೀರಿಗೂ ಈ ಕ್ಷೇತ್ರವನ್ನು ಗಣನೀಯವಾಗಿ ಅಲುಗಿಸುವ ಗುಣವೇ ಇಲ್ಲ. ಅಲುಗಿಸುವುದು ಮುಖ್ಯವಾಗಿ ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜ. ಕಲ್ಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಇದ್ದರೂ ರೀಡಿಂಗ್ ನೂರಾರು ನ್ಯಾನೋಟೆಸ್ಲಾ ಏರುಪೇರಾಗುತ್ತದೆ.

ಹಾಗಾದರೆ ನೆಲದೊಳಗೆ ಮ್ಯಾಗ್ನೆಟೈಟ್ ಎಲ್ಲೆಲ್ಲಿ ಇರುತ್ತದೆ ಎಂಬುದೇ ಮೂಲ ಪ್ರಶ್ನೆ. ಬೈರಾಪುರದ ಕ್ರೋಮೈಟ್ ಇರುವುದು ಡ್ಯುನೈಟ್ ಎಂಬ ಶಿಲೆಯೊಳಗೆ. ಡ್ಯುನೈಟಿನ ಮುಖ್ಯ ಖನಿಜ ಆಲಿವಿನ್. ಅದರಲ್ಲಿ ಕಬ್ಬಿಣ ಇದ್ದರೂ ಕಾಂತಗುಣ ತೀರ ಕಡಿಮೆ. ಬಿರುಕುಗಳಲ್ಲಿ ನೀರು ಇಳಿದು ಆಲಿವಿನ್ ಸರ್ಪೆಂಟೈನ್ ಆಗುವಾಗ ಕಬ್ಬಿಣಕ್ಕೆಲ್ಲ ಹೊಸ ಖನಿಜದಲ್ಲಿ ಜಾಗ ಸಿಗುವುದಿಲ್ಲ. ಮಿಕ್ಕ ಕಬ್ಬಿಣ ಸಣ್ಣ ಸಣ್ಣ ಮ್ಯಾಗ್ನೆಟೈಟ್ ಹರಳುಗಳಾಗಿ ಹೊರಬರುತ್ತದೆ. ಸಪ್ಪಗಿದ್ದ ಕಲ್ಲು ಹೀಗೆ ಗಟ್ಟಿ ಕಾಂತಗುಣ ಪಡೆಯುತ್ತದೆ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಇಂಗಾಲದ ಡೈಆಕ್ಸೈಡ್ ಕರಗಿದ ಬಿಸಿನೀರು ಅದೇ ಕಲ್ಲಿಗೆ ನುಗ್ಗಿದರೆ ಸರ್ಪೆಂಟೈನ್ ಒಡೆದು ಟಾಲ್ಕ್ ಮತ್ತು ಕಾರ್ಬೊನೇಟ್ ಆಗುತ್ತದೆ. ಆಗ ಮ್ಯಾಗ್ನೆಟೈಟ್ ಬಹುಪಾಲು ಕರಗಿಹೋಗಿ ಕಾಂತಗುಣ ಮತ್ತೆ ಇಳಿಯುತ್ತದೆ. ಒಂದೇ ಶಿಲೆ, ಮೂರು ಘಟ್ಟ, ಮೂರು ಥರದ ರೀಡಿಂಗ್. ಇನ್ನು ಬೇಕಾದ ಅದಿರು, ಆ ಕ್ರೋಮೈಟ್? ಅದು ಸಾಮಾನ್ಯವಾಗಿ ಸುತ್ತಲಿನ ಸರ್ಪೆಂಟೈನ್ ಶಿಲೆಗಿಂತ, ಅಂದರೆ ಸರ್ಪೆಂಟಿನೈಟಿಗಿಂತ, ಕಾಂತಗುಣದಲ್ಲಿ ಮೆತ್ತಗಿರುತ್ತದೆ. ಮನೆ ಗದ್ದಲ ಮಾಡುತ್ತದೆ, ಒಳಗಿರುವವನು ಸುಮ್ಮನಿರುತ್ತಾನೆ.

ಅಂಕಿಗಳು ಕೈಗೆ ಬಂದ ಮೇಲೆ ಅರ್ಥ ಹುಡುಕುವ ಮುನ್ನ ಅವುಗಳಿಂದ ಕೆಲವನ್ನು ಕಳೆಯಬೇಕು. ಮೊದಲು ಕಳೆಯಬೇಕಾದದ್ದು ಹೊತ್ತನ್ನು. ಭೂಮಿಯ ಕ್ಷೇತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ ಇರುವುದಿಲ್ಲ. ಸೂರ್ಯ ಏರಿದಂತೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಪ್ರವಾಹ ಹರಿಯತೊಡಗಿ ಕ್ಷೇತ್ರವೂ ಏರುತ್ತದೆ. ಭಾರತದ ದಕ್ಷಿಣ ತುದಿಯ ಹತ್ತಿರ ಕಾಂತೀಯ ಸಮಭಾಜಕ ರೇಖೆ ಹಾದುಹೋಗುತ್ತದೆ. ಅದರ ಮೇಲೆ, ನೆಲದಿಂದ ನೂರು ಕಿಲೋಮೀಟರ್ ಚಿಲ್ಲರೆ ಎತ್ತರದಲ್ಲಿ ಹಗಲುಹೊತ್ತು ಬಲವಾದ ಪ್ರವಾಹ ಹರಿಯುತ್ತದೆ. ಅದನ್ನು ಅಭ್ಯಾಸ ಮಾಡಲು ಅನುಕೂಲವೆಂದೇ ತಿರುವನಂತಪುರದ ಬಳಿಯ ತುಂಬಾವನ್ನು ಆಯ್ದು 1963ರ ನವೆಂಬರ್ 21ರಂದು ಅಲ್ಲಿಂದ ದೇಶದ ಮೊದಲ ರಾಕೆಟ್ ಹಾರಿಸಿದ್ದು. ಹಾಸನ ಆ ರೇಖೆಯಿಂದ ಉತ್ತರಕ್ಕಿದ್ದರೂ ಮಧ್ಯಾಹ್ನದ ಏರಿಕೆ ಹಲವು ಹತ್ತು ನ್ಯಾನೋಟೆಸ್ಲಾಗಳಷ್ಟು ಇರುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದವರು ಹನ್ನೊಂದೂವರೆಗೆ ಲೈನು ಮುಗಿಸಿದಾಗ, ನೆಲದಲ್ಲಿ ಏನೂ ಬದಲಾಗದಿದ್ದರೂ ಅಂಕಿ ಏರಿರುತ್ತದೆ. ಆದ್ದರಿಂದ ಇನ್ನೊಂದು ಮ್ಯಾಗ್ನೆಟೋಮೀಟರನ್ನು ಒಂದೇ ಜಾಗದಲ್ಲಿ ಇಡೀ ದಿನ ನಿಲ್ಲಿಸಿ, ಹೊತ್ತಿನ ಏರಿಳಿತವನ್ನು ಬರೆದಿಟ್ಟುಕೊಂಡು ಆಮೇಲೆ ಕಳೆಯುತ್ತಾರೆ. ಬೇಸ್ ಸ್ಟೇಷನ್ ಎನ್ನುವುದು ಇದನ್ನೇ. ಅದಿಲ್ಲದೆ ಮಾಡಿದ ಸಮೀಕ್ಷೆಯ ನಕ್ಷೆ ನೋಡುವುದೇ ಬೇಡ.

ಎರಡನೆಯದು ಮನುಷ್ಯ ಹರಡಿದ ಕಬ್ಬಿಣ. ಇದಕ್ಕೆ ಭಾರತದಲ್ಲೇ ದೊಡ್ಡ ಉದಾಹರಣೆ ಇದೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯ 1841ರಿಂದ ಭೂಕಾಂತದ ಅಳತೆಗಳನ್ನು ದಾಖಲಿಸುತ್ತ ಬಂದಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಊರಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ಗೊತ್ತಾದಾಗ, ಟ್ರಾಮಿನ ಕರೆಂಟು ಅಳತೆಯನ್ನೆಲ್ಲ ಕೆಡಿಸುತ್ತದೆಂದು ಅಲ್ಲಿನ ನಿರ್ದೇಶಕ ನಾನಾಭಾಯ್ ಮೂಸ್ ಪಟ್ಟು ಹಿಡಿದರು. ಕೊಲ್ಲಿಯಾಚೆಯ ಅಲಿಬಾಗಿನಲ್ಲಿ ಕಬ್ಬಿಣ ಸೋಕದಂತೆ, ಕಾಂತಗುಣವಿಲ್ಲದ ಕಲ್ಲಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿಸಿದರು. 1904ರಿಂದ ಅಲ್ಲಿ ಕೆಲಸ ಶುರುವಾಯಿತು. ಕೊಲಾಬಾದಲ್ಲೂ ಅಲಿಬಾಗಿನಲ್ಲೂ ಕೆಲಕಾಲ ಒಟ್ಟಿಗೆ ಅಳತೆ ಮಾಡಿ, ಎರಡನ್ನೂ ಹೊಂದಿಸಿ, ಹಳೆಯ ದಾಖಲೆಯ ಎಳೆ ತುಂಡಾಗದಂತೆ ನೋಡಿಕೊಂಡರು. ಜಗತ್ತಿನ ಅತಿ ಉದ್ದದ ಭೂಕಾಂತ ದಾಖಲೆಗಳಲ್ಲಿ ಅದೂ ಒಂದಾಗಿ ಉಳಿದಿರುವುದು ಆ ಮುಂದಾಲೋಚನೆಯಿಂದ.

ಚನ್ನರಾಯಪಟ್ಟಣದ ತೋಟದಲ್ಲಿ ಟ್ರಾಮ್ ಇಲ್ಲ. ಆದರೆ ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್ ಇದೆ, ಮುಳ್ಳುತಂತಿ ಬೇಲಿ ಇದೆ, ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇದೆ, ಪಂಪ್‌ಸೆಟ್ಟಿಗೆ ಎಳೆದ ಲೈನು ಇದೆ, ಮನೆಯ ಹಿಂದೆ ನಿಂತ ಟ್ರ್ಯಾಕ್ಟರ್ ಇದೆ. ಜಾಗ ತೋರಿಸಲು ಜೊತೆಗೆ ಬರುವ ತೋಟದ ಯಜಮಾನರ ಸೊಂಟದಲ್ಲಿ ಮಚ್ಚು ಇರುತ್ತದೆ. ಅಳೆಯುವವರು ಬೆಲ್ಟು, ಬೀಗದ ಕೈ, ಮೊಬೈಲು ಎಲ್ಲ ಬಿಚ್ಚಿಟ್ಟು ಹೋದರೂ ಮಚ್ಚು ಹತ್ತಿರ ಬಂದರೆ ರೀಡಿಂಗ್ ಕೆಟ್ಟಿತು. ಅದಕ್ಕೇ ಒಳ್ಳೆಯ ತಂಡದ ನೋಟ್‌ಬುಕ್ಕಿನಲ್ಲಿ ಅಂಕಿಗಿಂತ ಟಿಪ್ಪಣಿಯೇ ಹೆಚ್ಚು: ಎಡಕ್ಕೆ ಇಷ್ಟು ಮೀಟರಿಗೆ ಬೋರ್, ಇಲ್ಲಿ ಬೇಲಿ ದಾಟಿದ್ದು, ಇಲ್ಲಿ ತಲೆಯ ಮೇಲೆ ಲೈನು. ಮೂವತ್ತು ನಲವತ್ತು ವರ್ಷದ ಹಿಂದೆ, ಕೊಳವೆಬಾವಿಗಳು ಇಷ್ಟು ದಟ್ಟವಾಗುವ ಮೊದಲು ತೆಗೆದ ಅಳತೆಗಳು ಎಲ್ಲಿವೆಯೋ ಅಲ್ಲಿ ಅವನ್ನು ಜೋಪಾನ ಮಾಡಬೇಕು. ಆ ನೆಲದಲ್ಲಿ ಅಷ್ಟು ಶುದ್ಧವಾದ ಅಳತೆ ಇನ್ನು ಸಿಗುವುದು ಕಷ್ಟ.

ಇನ್ನು ಕೆಂಪು–ನೀಲಿಯ ಪ್ರಶ್ನೆ. ಸ್ವೀಡನ್ನಿನವರು ಹದಿನೇಳನೇ ಶತಮಾನದಿಂದಲೇ ಗಣಿ ದಿಕ್ಸೂಚಿ ಹಿಡಿದು ಕಬ್ಬಿಣದ ಅದಿರು ಹುಡುಕಿದವರು. 1879ರಲ್ಲಿ ರಾಬರ್ಟ್ ಥಲೇನ್ ಈ ವಿದ್ಯೆಗೆ ಪುಸ್ತಕವನ್ನೇ ಬರೆದರು. ಕಿರೂನಾದಂಥ ಉತ್ತರದ ಊರುಗಳಲ್ಲಿ ಭೂಮಿಯ ಕಾಂತಕ್ಷೇತ್ರ ಹೆಚ್ಚುಕಡಿಮೆ ನೆಟ್ಟಗೆ ನೆಲದೊಳಕ್ಕೆ ಇಳಿಯುತ್ತದೆ. ಕೆಳಗೆ ಮ್ಯಾಗ್ನೆಟೈಟ್ ಇದ್ದರೆ ಅದು ಕೂಡ ಕೆಳಮುಖವಾಗಿ ಕಾಂತವಾಗಿ, ಮೇಲೆ ನಿಂತವರಿಗೆ ಕ್ಷೇತ್ರ ಹೆಚ್ಚಾಗಿ ಕಾಣುತ್ತದೆ. ನಕ್ಷೆಯಲ್ಲಿ ಕೆಂಪು, ಕೆಳಗೆ ಅದಿರು. ಆ ಪಾಠ ಹೊಂದುವುದು ಅಂಥ ಕಡೆಗೆ. ಹಾಸನದಲ್ಲಿ ಕ್ಷೇತ್ರ ನೆಲಕ್ಕೆ ಮಟ್ಟಸವಾಗಿ ಉತ್ತರದ ಕಡೆಗೆ ಹರಿಯುತ್ತದೆ. ಇಳಿಜಾರು ಹದಿನೈದು ಡಿಗ್ರಿಯೊಳಗೆ. ಇಲ್ಲಿನ ಮ್ಯಾಗ್ನೆಟೈಟ್ ಮಲಗಿದ ಸ್ಥಿತಿಯಲ್ಲಿ ಉತ್ತರಮುಖವಾಗಿ ಕಾಂತವಾಗುತ್ತದೆ. ಅಂಥ ಕಾಂತದ ಸ್ವಂತ ಕ್ಷೇತ್ರ ತನ್ನ ಬೆನ್ನ ಮೇಲೆ ಉತ್ತರದಿಂದ ದಕ್ಷಿಣಕ್ಕೆ, ಅಂದರೆ ಭೂಮಿಯ ಕ್ಷೇತ್ರಕ್ಕೆ ಎದುರಾಗಿ ಹರಿಯುತ್ತದೆ. ಎರಡೂ ಸೇರಿದಾಗ ಒಟ್ಟು ಕಡಿಮೆಯಾಗುತ್ತದೆ. ಹಾಗಾಗಿ ಪೂರ್ವ–ಪಶ್ಚಿಮವಾಗಿ ಮಲಗಿದ ಮ್ಯಾಗ್ನೆಟೈಟ್ ಪದರದ ಮೇಲೆ ಹಾಸನದಲ್ಲಿ ಕಾಣುವುದು ತಗ್ಗು, ನಕ್ಷೆಯಲ್ಲಿ ನೀಲಿ. ಅದರ ದಕ್ಷಿಣದ ಅಂಚಿಗೆ ಚಿಕ್ಕ ಏರು, ಕೆಂಪು. ಕೆಂಪಿನ ಮೇಲೆ ಬೋರ್ ಹೊಡೆಸಿದವರು ಅದಿರಿನ ಪಕ್ಕದಲ್ಲಿ ಬರಿಯ ನೈಸ್ ಕೊರೆದು ಬರುತ್ತಾರೆ.

ನುಗ್ಗೇಹಳ್ಳಿಯಲ್ಲಿ ಇನ್ನೂ ಒಂದು ತೊಡಕು ಸೇರುತ್ತದೆ. ಆ ಪಟ್ಟಿ ಪೂರ್ವ–ಪಶ್ಚಿಮ ಹೋಗುವುದಿಲ್ಲ, ಉತ್ತರ–ವಾಯವ್ಯ ದಿಕ್ಕಿಗೆ ಚಾಚಿದೆ. ಕ್ಷೇತ್ರವೂ ಉತ್ತರಕ್ಕೆ, ಶಿಲೆಯೂ ಹೆಚ್ಚುಕಡಿಮೆ ಉತ್ತರಕ್ಕೆ. ಶಾಲೆಯಲ್ಲಿ ದಂಡಕಾಂತವನ್ನು ಕಬ್ಬಿಣದ ಪುಡಿಯಲ್ಲಿ ಹೊರಳಿಸಿದಾಗ ಪುಡಿ ಎರಡು ತುದಿಗೆ ಗೊಂಚಲಾಗಿ ಅಂಟುತ್ತದೆ, ನಡು ಬೋಳಾಗಿ ಉಳಿಯುತ್ತದೆ. ಉತ್ತರ–ದಕ್ಷಿಣ ಮಲಗಿದ ಉದ್ದನೆಯ ಶಿಲೆಯ ಪಾಡೂ ಹಾಗೇ. ಕಿಲೋಮೀಟರ್‌ಗಟ್ಟಲೆ ಉದ್ದದ ನಡುಭಾಗದಲ್ಲಿ ಸಂಕೇತ ತೀರ ಸೊರಗುತ್ತದೆ. ಅದೇ ಶಿಲೆ ಧ್ರುವದ ಬಳಿ ಇದ್ದಿದ್ದರೆ ಕೊಡುತ್ತಿದ್ದ ಸಂಕೇತದ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಶಿಲೆ ಕೊನೆಯಾಗುವಲ್ಲಿ, ಬಿರುಕು ಬಂದು ತುಂಡಾಗಿ ಪಕ್ಕಕ್ಕೆ ಸರಿದಲ್ಲಿ, ಮಡಿಕೆ ಬಿದ್ದು ತಿರುಗಿದಲ್ಲಿ ಮಾತ್ರ ರೀಡಿಂಗ್ ಎದ್ದು ಕುಣಿಯುತ್ತದೆ. ನೇರ ಉತ್ತರಕ್ಕಿಂತ ಸ್ವಲ್ಪ ವಾಲಿರುವುದರಿಂದ ನುಗ್ಗೇಹಳ್ಳಿ ಪಟ್ಟಿ ಪೂರ್ತಿ ಮೌನವಾಗಿಲ್ಲ. ಆದರೂ ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಡಿ ಬಿಡಿ ಕಲೆ ಕಂಡು, ಅಷ್ಟು ಬಿಡಿ ನಿಕ್ಷೇಪಗಳಿವೆ ಎಂದು ಲೆಕ್ಕ ಹಾಕುವುದು ದುಡುಕು. ಒಂದೇ ಉದ್ದನೆಯ ಶಿಲೆಯ ತುಂಡಾದ ಕಡೆಗಳೂ ಹಾಗೇ ಕಾಣುತ್ತವೆ.

ಕಂಪ್ಯೂಟರಿನಲ್ಲಿ ಇದಕ್ಕೆ ಪರಿಹಾರ ಇಲ್ಲವೇ? ಇದೆ ಎನ್ನುತ್ತವೆ ತಂತ್ರಾಂಶಗಳು. ಇಲ್ಲಿನ ಅಳತೆಯನ್ನು ಧ್ರುವದಲ್ಲಿ ನಿಂತು ಅಳೆದಂತೆ ಬದಲಿಸಿ ಕೊಡುವ ಲೆಕ್ಕ ಒಂದಿದೆ. ಕ್ಷೇತ್ರ ಇಳಿಜಾರಾಗಿರುವ ನಾಡುಗಳಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಸಮಭಾಜಕದ ಹತ್ತಿರ ಬಂದಾಗ ಮಾತ್ರ ಆ ಲೆಕ್ಕ ಉತ್ತರ–ದಕ್ಷಿಣದ ಸಣ್ಣಪುಟ್ಟ ದೋಷಗಳನ್ನೆಲ್ಲ ವಿಪರೀತ ಹಿಗ್ಗಿಸಿ, ನಕ್ಷೆಯ ತುಂಬ ಉದ್ದುದ್ದ ಗೆರೆಗಳನ್ನು ಎಳೆಯುತ್ತದೆ. ನೆಲದಲ್ಲಿ ಅಂಥ ಗೆರೆಗಳೇ ಇರುವುದಿಲ್ಲ. ಅನುಭವಸ್ಥರು ಆ ಲೆಕ್ಕವನ್ನು ಹಿಡಿತದಲ್ಲಿಟ್ಟು ಬಳಸುತ್ತಾರೆ. ಇಲ್ಲವೇ ಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಮೂರು ದಿಕ್ಕಿನಲ್ಲೂ ಕೂಡಿಸಿ, ಶಿಲೆಯ ಅಂಚುಗಳನ್ನು ತೋರಿಸುವ ಬೇರೆ ವಿಧಾನಕ್ಕೆ ಹೋಗುತ್ತಾರೆ. ಯಾವ ಲೆಕ್ಕ ಹಾಕಿದರೂ ಮೂಲ ರೀಡಿಂಗಿನ ಗೆರೆಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ನೋಡುವುದು ಒಳ್ಳೆಯದು.

ಆ ಗೆರೆಯನ್ನು ಓದುವ ಬಗೆ ಹೇಗೆ ಎಂದು ತಿಳಿಯಲು ಒಂದು ಲೈನನ್ನು ಕಲ್ಪಿಸಿಕೊಳ್ಳಬಹುದು. ಪಟ್ಟಿಗೆ ಅಡ್ಡಲಾಗಿ ಆರುನೂರು ಮೀಟರ್ ಉದ್ದ, ಹತ್ತು ಮೀಟರಿಗೊಂದು ರೀಡಿಂಗ್. ಮೊದಲ ನೂರೆಂಬತ್ತು ಮೀಟರ್ ಅಂಕಿಗಳು ಹತ್ತು ಹದಿನೈದು ನ್ಯಾನೋಟೆಸ್ಲಾಗಳ ಒಳಗೆ ಆಡುತ್ತ ಹೋಗುತ್ತವೆ. ಕೆಳಗೆ ನೈಸ್ ಇದೆ ಎಂದುಕೊಳ್ಳಬಹುದು. ಇನ್ನೂರನೇ ಮೀಟರಿನಲ್ಲಿ ಒಮ್ಮೆಗೇ ಏಳುನೂರು ಜಿಗಿತ, ಮುಂದಿನ ರೀಡಿಂಗಿಗೆ ಮತ್ತೆ ಮೊದಲಿನಂತೆ. ಹತ್ತು ಮೀಟರಿನೊಳಗೆ ಹುಟ್ಟಿ ಹತ್ತು ಮೀಟರಿನೊಳಗೆ ಸಾಯುವ ಜಿಗಿತ ನೆಲದ ಮೇಲಿನದು. ನೋಟ್‌ಬುಕ್ ತೆರೆದರೆ ಅಲ್ಲಿ ಬೋರ್ ಎಂದು ಬರೆದಿರುತ್ತದೆ. ಮುನ್ನೂರಹತ್ತರಿಂದ ನಾನೂರರವರೆಗೆ ಅಂಕಿಗಳು ಹೆಜ್ಜೆ ಹೆಜ್ಜೆಗೂ ಮುನ್ನೂರು ಮೇಲೆ, ನಾನೂರು ಕೆಳಗೆ ಕುಣಿಯುತ್ತವೆ. ಮೇಲುಮಣ್ಣಿನ ಕೆಳಗೇ ಮ್ಯಾಗ್ನೆಟೈಟ್ ಎಳೆಗಳಿರುವ ಸರ್ಪೆಂಟಿನೈಟ್ ಇದ್ದರೆ ಗೆರೆ ಹೀಗೇ ಇರುತ್ತದೆ. ಆ ಕುಣಿತದ ನಡುವೆ ಮೂರು ರೀಡಿಂಗ್ ಇದ್ದಕ್ಕಿದ್ದಂತೆ ಶಾಂತ. ಕುತೂಹಲ ಹುಟ್ಟಬೇಕಾದದ್ದು ಇಲ್ಲಿ. ಶಿಲೆ ಬಳಪವಾಗಿ ಬದಲಾಗಿ ಶಾಂತವಾಗಿರಬಹುದು, ಮಣ್ಣಿನ ಪದರ ಅಲ್ಲಿ ದಪ್ಪಗಿರಬಹುದು, ಮಸೂರದ ಆಕಾರದ ಕ್ರೋಮೈಟ್ ಗಡ್ಡೆಯೂ ಇರಬಹುದು. ಒಂದು ಲೈನಿನಿಂದ ಯಾವುದೆಂದು ಹೇಳಲಾಗದು. ಐವತ್ತು ಮೀಟರ್ ಆಚೆಯ ಲೈನಿನಲ್ಲೂ, ಅದರಾಚೆಯದರಲ್ಲೂ ಆ ಶಾಂತಿ ಪಟ್ಟಿಯ ದಿಕ್ಕಿನಲ್ಲೇ ಮುಂದುವರಿದಿದ್ದರೆ ಅದು ಶಿಲೆಯೊಳಗಿನ ಸಂಗತಿ ಎಂದು ನಂಬಬಹುದು. ಕೊನೆಯ ಇನ್ನೂರು ಮೀಟರಿನಲ್ಲಿ ಗೆರೆ ನುಣ್ಣಗೆ, ಅಗಲವಾಗಿ ನೂರೈವತ್ತರಷ್ಟು ಇಳಿದು ಏರುತ್ತದೆ. ಅಗಲವಾದ ನುಣುಪು ಆಳದ ಗುರುತು.

ಆಳದ ಲೆಕ್ಕಕ್ಕೆ ಸೂತ್ರಗಳಿವೆ. ತಗ್ಗಿನ ಅಥವಾ ಏರಿನ ಅರ್ಧ ಎತ್ತರದಲ್ಲಿ ಅಗಲ ಎಷ್ಟು ಎಂಬುದರಿಂದ ಶಿಲೆಯ ತಲೆ ಎಷ್ಟು ಕೆಳಗಿದೆ ಎಂದು ಅಂದಾಜು ಮಾಡುತ್ತಾರೆ. ಆಕಾರ ತಪ್ಪಾಗಿ ಊಹಿಸಿದರೆ ಆಳವೂ ತಪ್ಪುತ್ತದೆ. ರಷ್ಯಾದ ಕುರ್ಸ್ಕ್ ಇದಕ್ಕೆ ದೊಡ್ಡ ಸಾಕ್ಷಿ. 1773ರಲ್ಲಿ ಪ್ಯೋತ್ರ್ ಇನೊಖೋದ್ತ್ಸೆವ್ ಅಲ್ಲಿ ದಿಕ್ಸೂಚಿಯ ಮುಳ್ಳು ಅಡ್ಡಾದಿಡ್ಡಿ ತಿರುಗುವುದನ್ನು ಕಂಡರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಎರ್ನ್ಸ್ಟ್ ಲೈಸ್ಟ್ ಸಾವಿರಾರು ಅಳತೆ ಮಾಡಿ ಅದಿರು ಇದ್ದೇ ಇದೆ ಎಂದರು. ಹೇಳಿದ ಆಳಕ್ಕೆ ಕೊರೆದಾಗ ಅದಿರು ಸಿಗಲಿಲ್ಲ, ದುಡ್ಡು ಕೊಟ್ಟವರು ಕೈಬಿಟ್ಟರು. ಲೈಸ್ಟ್ ತಮ್ಮ ಕೈಯಿಂದಲೇ ಖರ್ಚು ಮಾಡಿ ಅಳತೆ ಮುಂದುವರಿಸಿದರು. 1923ರಲ್ಲಿ ಕೊರೆತ ಕಬ್ಬಿಣದ ಅದಿರಿಗೆ ತಾಗಿದಾಗ ಗೊತ್ತಾಯಿತು, ಅದು ಜಗತ್ತಿನ ಅತಿ ದೊಡ್ಡ ನಿಕ್ಷೇಪಗಳಲ್ಲೊಂದು. ಜಾಗ ಸರಿಯಾಗಿತ್ತು, ತಪ್ಪಿದ್ದು ಆಳದ ಅಂದಾಜು.

ಶಿಲೆಗೆ ನೆನಪೂ ಇರುತ್ತದೆ. ಕಾದು ಆರುವಾಗ ಆಗಿನ ಕಾಲದ ಭೂಕಾಂತದ ದಿಕ್ಕನ್ನು ಮ್ಯಾಗ್ನೆಟೈಟ್ ಹಿಡಿದಿಟ್ಟುಕೊಳ್ಳುತ್ತದೆ. ಈ ನೆನಪು ಈಗಿನ ಕ್ಷೇತ್ರದ ಪ್ರಭಾವಕ್ಕಿಂತ ಬಲವಾಗಿದ್ದರೆ ಮೇಲೆ ಹೇಳಿದ ಏರುತಗ್ಗಿನ ನಿಯಮವೆಲ್ಲ ಅಡಿಮೇಲಾಗುತ್ತದೆ. ಬೋಳುಗುಡ್ಡದ ನೆತ್ತಿಯಲ್ಲಿ ಸಿಡಿಲು ಬಡಿದ ಬಂಡೆಗಳೂ ಹೀಗೇ ಹುಚ್ಚು ಅಂಕಿ ಕೊಡುತ್ತವೆ. ಕಲ್ಲಿನ ಚೂರುಗಳನ್ನು ದಿಕ್ಕು ಗುರುತು ಹಾಕಿ ತಂದು ಪ್ರಯೋಗಾಲಯದಲ್ಲಿ ಅಳೆಯುವುದೊಂದೇ ದಾರಿ. ಕೆಲಸ ಬೇಗ ಮುಗಿಸುವ ಅವಸರದಲ್ಲಿ ಬಿಟ್ಟುಹೋಗುವ ಹಂತವೂ ಇದೇ.

ಏರುತಗ್ಗು ಬಿಡಿ, ಅದಿರೇ ಕಾಂತಗುಣ ಕಳೆದುಕೊಂಡಿರುವ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. 1913ರಲ್ಲಿ ಸಂಪತ್ ಅಯ್ಯಂಗಾರ್ ಗುರುತಿಸಿದ ಕುದುರೆಮುಖದ ಅದಿರು ಮ್ಯಾಗ್ನೆಟೈಟ್, ಮುಳ್ಳನ್ನು ಬಲವಾಗಿ ಎಳೆಯುವಂಥದ್ದು. ಸಂಡೂರಿನ ಶ್ರೀಮಂತ ಅದಿರು ಹೆಮಟೈಟ್. ಅದಕ್ಕೆ ಕಾಂತಗುಣ ಬಹಳ ಕಡಿಮೆ. ಪಟ್ಟೆಪಟ್ಟೆ ಕಬ್ಬಿಣಶಿಲೆಯಲ್ಲಿದ್ದ ಮ್ಯಾಗ್ನೆಟೈಟ್ ಗಾಳಿ ನೀರಿಗೆ ಆಕ್ಸಿಡೀಕರಣಗೊಂಡು ಹೆಮಟೈಟ್ ಆದಂತೆ ಅದಿರಿನ ಗುಣ ಏರುತ್ತದೆ, ಕಾಂತಸಂಕೇತ ಇಳಿಯುತ್ತದೆ. ಅಲ್ಲಿ ಸಂಕೇತ ಸೊರಗಿದ ಜಾಗವೇ ಗಣಿಗಾರನಿಗೆ ಬೇಕಾದ ಜಾಗವಾಗಿರಬಹುದು.

ಕ್ರೋಮೈಟಿಗೆ ಮರಳಿದರೆ, ಕಾಂತೀಯ ಸಮೀಕ್ಷೆ ಅದರ ಮನೆಯವರೆಗೆ ಕರೆದೊಯ್ಯುತ್ತದೆ, ಬಾಗಿಲು ತೆರೆಯಲು ತೂಕ ಬೇಕು. ಕ್ರೋಮೈಟ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಭಾರ, ಸರ್ಪೆಂಟಿನೈಟ್ ಎರಡೂವರೆ ಪಟ್ಟು ಚಿಲ್ಲರೆ. ಈ ವ್ಯತ್ಯಾಸದಿಂದ ಮೇಲಿನ ಗುರುತ್ವ ಕೂದಲೆಳೆಯಷ್ಟು ಹೆಚ್ಚುತ್ತದೆ. 1950ರ ದಶಕದಲ್ಲಿ ಕ್ಯೂಬಾದ ಕಾಮಗ್ವೇ ಪ್ರಾಂತ್ಯದಲ್ಲಿ ಗುರುತ್ವ ಅಳೆದೇ ಕ್ರೋಮೈಟ್ ಹುಡುಕಿದರು. ನುಗ್ಗೇಹಳ್ಳಿಯಂಥ ಕಡೆ, ಮಡಿಕೆ ಬಿದ್ದ ಸಣ್ಣ ಮಸೂರಗಳಿಗೆ ಎರಡೂ ಅಳತೆ ಒಟ್ಟಿಗೆ ಬೇಕು: ಕಾಂತ ಶಾಂತವಾದಲ್ಲಿ ಗುರುತ್ವವೂ ಏರಿದ್ದರೆ ಗುಂಡಿ ತೋಡಲು ಕಾರಣ ಸಿಕ್ಕಿತು. ಕಾಂತ ಶಾಂತವಾಗಿ ಗುರುತ್ವ ಏರದಿದ್ದರೆ ಬಹುಶಃ ಬಳಪವೋ ಮಣ್ಣೋ.

ನುಗ್ಗೇಹಳ್ಳಿ ಶಿಲಾಪಟ್ಟಿಯ ಬಗ್ಗೆ ಈಗ ಮತ್ತೆ ಆಸಕ್ತಿ ಹುಟ್ಟಲು ಕಾರಣವಿದೆ. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ವನೇಡಿಯಂ, ಟೈಟೇನಿಯಂ, ನಿಕ್ಕಲ್ ಮತ್ತು ಪ್ಲಾಟಿನಂ ಗುಂಪಿನ ಲೋಹಗಳಿವೆ. ವನೇಡಿಯಂ ಇರುವ ಮ್ಯಾಗ್ನೆಟೈಟ್ ಪದರಗಳನ್ನು ಕಾಂತೀಯ ಸಮೀಕ್ಷೆ ನೇರವಾಗಿಯೇ ಹಿಡಿಯುತ್ತದೆ. ಪ್ಲಾಟಿನಂ ವಿಷಯ ಹಾಗಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ಕಡೆಯ ಹನುಮಲಾಪುರದಲ್ಲಿ ಇದೇ ಬಗೆಯ ಕಡುಗಪ್ಪು ಶಿಲೆಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಪ್ಲಾಟಿನಂ ಗುಂಪಿನ ಲೋಹಗಳನ್ನು ಪತ್ತೆ ಮಾಡಿದ್ದಾರೆ. ಟನ್ ಕಲ್ಲಿಗೆ ಗ್ರಾಂ ಲೆಕ್ಕದಲ್ಲಿರುವ ಲೋಹ ಮ್ಯಾಗ್ನೆಟೋಮೀಟರಿನ ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ. ಒಂದು ಶಿಲೆ ಮುಗಿದು ಇನ್ನೊಂದು ಶುರುವಾಗುವ ಗಡಿಯನ್ನು ಮಣ್ಣಿನ ಕೆಳಗೆ ಹಿಂಬಾಲಿಸಲು ಮಾತ್ರ ಅದು ನೆರವಾಗುತ್ತದೆ. ಉಳಿದದ್ದು ಕಂದಕ ತೋಡಿ, ಕೊರೆದು, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾಯುವ ಕೆಲಸ.

2023ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಭೂವಿಜ್ಞಾನದ ದತ್ತಾಂಶಗಳ ರಾಷ್ಟ್ರೀಯ ಭಂಡಾರವನ್ನು ಸಾರ್ವಜನಿಕರಿಗೆ ತೆರೆಯಿತು. ಒಳ್ಳೆಯ ಹೆಜ್ಜೆ. ಆದರೆ ತೋಟದಲ್ಲಿ ಓಡಾಡಲು ಬಿಟ್ಟ ರೈತನಿಗೆ ಕಂಪ್ಯೂಟರಿನಲ್ಲಿ ಅದನ್ನು ಹುಡುಕಿ ಓದಲು ಆಗುವುದಿಲ್ಲ. ಸಮೀಕ್ಷೆ ಮುಗಿದ ಮೇಲೆ ಗ್ರಾಮ ಪಂಚಾಯಿತಿಯಲ್ಲಿ ಒಂದು ಸಭೆ ಕರೆದು, ಏನು ಅಳೆದರು, ಏನು ಕಂಡಿತು, ಮುಂದೇನು ಎಂದು ಕನ್ನಡದಲ್ಲಿ ಅರ್ಧ ಗಂಟೆ ವಿವರಿಸುವುದು ಕಡ್ಡಾಯವಾಗಬೇಕು. ಚಿನ್ನ ಸಿಕ್ಕಿದೆಯಂತೆ ಎಂಬ ಗುಲ್ಲಿಗೆ, ಅದರ ಹಿಂದೆಯೇ ಜಮೀನು ಕೇಳಿಕೊಂಡು ಬರುವವರಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ರೈತರ ಕಡೆಯಿಂದಲೂ ಸಮೀಕ್ಷೆಯವರಿಗೆ ಸಿಗಬಹುದಾದ ಒಂದು ದೊಡ್ಡ ಸಹಾಯ ಇದೆ. ಬೋರ್‌ವೆಲ್ ಲಾರಿ ಬಂದು ಕೊರೆಯುವಾಗ ಮೇಲೆ ಬಂದು ಬೀಳುವ ಕಲ್ಲಿನ ಪುಡಿ ನೂರಾರು ಅಡಿ ಆಳದ ಮಾಹಿತಿ. ಅದು ಬೇಲಿಯ ಪಕ್ಕ ಗುಡ್ಡೆಯಾಗಿ ಮಳೆಗೆ ತೊಳೆದುಹೋಗುತ್ತದೆ. ಇಪ್ಪತ್ತು ಅಡಿಗೊಮ್ಮೆ ಒಂದು ಹಿಡಿ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆಳ ಬರೆದ ಚೀಟಿ ಇಟ್ಟು ಕಟ್ಟಿದರೆ ಸಾಕು. ಚೆನ್ನಾಗಿ ತೊಳೆದು ಒಣಗಿಸಿದ ಪುಡಿಯ ಮೇಲೆ ಸಣ್ಣ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಆಡಿಸಿದರೆ ಮ್ಯಾಗ್ನೆಟೈಟಿನ ಕಪ್ಪು ಕಾಳುಗಳು ಅಂಟಿ ಬರುತ್ತವೆ. ಕೊರೆಯುವ ಬಿಟ್ಟಿನಿಂದ ಸವೆದ ಉಕ್ಕಿನ ಚೂರುಗಳೂ ಅಂಟುವುದರಿಂದ ಭೂತಗನ್ನಡಿ ಹಿಡಿದು ಬೇರೆ ಮಾಡಿ ನೋಡಬೇಕು. ಉಕ್ಕು ಹೊಳೆಯುವ ಸಿಬಿರಿನಂತಿರುತ್ತದೆ, ಮ್ಯಾಗ್ನೆಟೈಟ್ ಕಡುಗಪ್ಪು ಹರಳಿನಂತಿರುತ್ತದೆ. ಒಂದು ತೋಟದಲ್ಲಿ ಇನ್ನೂರು ಅಡಿಯವರೆಗೆ ಏನೂ ಅಂಟದೆ, ಅಲ್ಲಿಂದ ಕೆಳಗೆ ದಟ್ಟವಾಗಿ ಅಂಟಿದರೆ, ಆ ತೋಟದ ಮೇಲಿನ ನಕ್ಷೆಯ ನೀಲಿ ತಗ್ಗಿಗೆ ಆಳವೂ ಸಿಕ್ಕಿತು, ಕಾರಣವೂ ಸಿಕ್ಕಿತು. ಚನ್ನರಾಯಪಟ್ಟಣ, ಹೊಳೆನರಸೀಪುರ ತಾಲ್ಲೂಕುಗಳಲ್ಲಿ ವರ್ಷಕ್ಕೆ ಎಷ್ಟು ಬೋರ್ ಕೊರೆಯುತ್ತಾರೋ ಅಷ್ಟೂ ಕಡೆಯ ಪುಡಿ ಕೂಡಿಡಲು ಅಂತರ್ಜಲ ಇಲಾಖೆ ಮತ್ತು ಗಣಿ ಇಲಾಖೆ ಸೇರಿ ಒಂದು ವ್ಯವಸ್ಥೆ ಮಾಡಬಹುದು. ಖರ್ಚು ಚೀಲದ್ದು ಮತ್ತು ಚೀಟಿಯದು.